ಕಾವಲಿನ ಲೆಕ್ಕ

ನನ್ನ ಊರು ದುಮ್ಮವಾಡ. ಕಲಘಟಗಿ ತಾಲೂಕಿನ ಈ ಊರಿನ ಹೆಸರನ್ನು ಕೇಳಿದವರು ಕಡಿಮೆ. ಆದರೆ ಊರಿನ ಮಗ್ಗುಲಲ್ಲಿರುವ ನೀರಸಾಗರದ ಹೆಸರನ್ನು ಕೇಳದ ಹುಬ್ಬಳ್ಳಿಯವರು ಇರಲಾರರು. ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ 1950ರ ದಶಕದಲ್ಲಿ ಮಣ್ಣಿನ ಒಡ್ಡು ಹಾಕಿ ಕಟ್ಟಿದ ಕೆರೆ ಅದು. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಬರುವುದಕ್ಕೆ ಮುಂಚೆ ಹುಬ್ಬಳ್ಳಿಯ ಎಷ್ಟೋ ಮನೆಗಳ ಕೊಡಗಳು ತುಂಬುತ್ತಿದ್ದುದು ಈ ಕೆರೆಯ ನೀರಿನಿಂದ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ತಳ ಕಂಡದ್ದೂ ಉಂಟು.

2025ರ ದೀಪಾವಳಿಯ ರಜೆಯಲ್ಲಿ ಧಾರವಾಡದ ಗೆಳೆಯರೊಬ್ಬರನ್ನು ಕರೆದುಕೊಂಡು ಆ ಒಡ್ಡಿನ ಮೇಲೆ ತಿರುಗಾಡಲು ಹೋಗಿದ್ದೆ. ಗೆಳೆಯರು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತು ಪರರ ಲೆಕ್ಕ ತಿದ್ದಿದವರು. ಕಾಬೂಲಿನಲ್ಲಿ ನಮ್ಮ ರಾಯಭಾರ ಕಛೇರಿಯನ್ನು ಮತ್ತೆ ಪೂರ್ಣರೂಪದಲ್ಲಿ ತೆರೆಯುವ ಸುದ್ದಿ ಆ ವಾರದ ಪತ್ರಿಕೆಗಳಲ್ಲಿ ಬಂದಿತ್ತು. ಕೆರೆಯ ನೀರನ್ನು ನೋಡುತ್ತ ಅವರು ಹೇಳಿದರು: "ನೋಡ್ರಿ, ಮತ್ತ ಸುರು ಆತು. ಅವರಿಗೆ ನಾವು ಡ್ಯಾಂ ಕಟ್ಟಿಕೊಡೂದು, ಆ ಡ್ಯಾಮಿಗೆ ನಾವೇ ಕಾವಲು ನಿಲ್ಲೂದು. ಕೊಟ್ಟ ರೊಕ್ಕದಾಗ ಅರ್ಧಾ ಬಂದೂಕಿನವರೇ ತಿಂತಾರ. ಇಲ್ಲಿ ನಮ್ಮ ಕೆರೀ ಹೂಳು ತಗಿಯವರಿಲ್ಲ."

ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲಲ್ಲ. ಉಪನ್ಯಾಸಕರ ಕೋಣೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಎಲ್ಲೆಡೆಯಲ್ಲಿಯೂ ಸುಶಿಕ್ಷಿತರ ಬಾಯಲ್ಲಿ ಇದು ಬರುತ್ತದೆ. ಕೇಳುವುದಕ್ಕೆ ಜಾಣತನದ ಮಾತು. ಆದರೆ ಇದರಲ್ಲಿ ಒಂದು ದೊಡ್ಡ ತಪ್ಪು ಅಡಗಿದೆಯೆಂದೂ, ಇದಕ್ಕೆ ಎದುರು ನಿಂತು ವಾದಿಸುವವರಲ್ಲಿ ಇನ್ನೂ ದೊಡ್ಡ ತಪ್ಪು ಅಡಗಿದೆಯೆಂದೂ ನನಗೆ ತೋರುತ್ತದೆ. ಕನ್ನಡ ಕಲಿಸುವ ಮೇಷ್ಟರಿಗೆ ಅಫಘಾನಿಸ್ತಾನದ ಜಮಾಖರ್ಚಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ತೆರಿಗೆ ಕಟ್ಟುವವನಿಗೆ ಕೇಳುವ ಹಕ್ಕುಂಟು ಎಂಬುದು ಮೊದಲ ಉತ್ತರ. ಈ ಲೆಕ್ಕವನ್ನು ನಮ್ಮ ಜನಪದರು ಬಹಳ ಹಿಂದೆಯೇ ಹಾಡಿ ಇಟ್ಟಿದ್ದಾರೆ ಎಂಬುದು ಎರಡನೆಯ ಉತ್ತರ; ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಆಣೆಕಟ್ಟಿನ ಸಂಗತಿಯನ್ನೇ ನೋಡೋಣ. ಅಫಘಾನಿಸ್ತಾನದ ಪಶ್ಚಿಮಕ್ಕೆ ಹೇರಾತ ಪ್ರಾಂತ. ಅಲ್ಲಿ ಹರಿರೂದ್ ನದಿಗೆ ಅಡ್ಡಲಾಗಿ ಚಿಶ್ತ್ ಎಂಬ ಊರಿನ ಬಳಿ ಸಲ್ಮಾ ಆಣೆಕಟ್ಟು ಇದೆ. ಚಿಶ್ತ್ ಎಂದರೆ ನಮಗೆ ಅಪರಿಚಿತ ಹೆಸರೇನೂ ಅಲ್ಲ. ಕಲಬುರ್ಗಿಯ ಬಂದೇನವಾಜರು ಯಾವ ಚಿಶ್ತಿ ಪರಂಪರೆಯ ಸಂತರೋ ಆ ಪರಂಪರೆಗೆ ಹೆಸರು ಬಂದದ್ದು ಆ ಊರಿನಿಂದಲೇ. 1976ರಲ್ಲಿ ಆರಂಭವಾದ ಆ ಆಣೆಕಟ್ಟಿನ ಕೆಲಸ ಯುದ್ಧದಿಂದಾಗಿ ನಿಂತುಹೋಗಿತ್ತು. ಅದನ್ನು ಮುಗಿಸಿಕೊಡುವ ಹೊಣೆಯನ್ನು ಭಾರತ ಹೊತ್ತಿತು. 2004ರಲ್ಲಿ ಹಾಕಿದ ಅಂದಾಜು ಸುಮಾರು 352 ಕೋಟಿ ರೂಪಾಯಿ. 2015ರ ಕೊನೆಗೆ ಕೇಂದ್ರ ಮಂತ್ರಿಮಂಡಲ ಒಪ್ಪಿದ ಪರಿಷ್ಕೃತ ವೆಚ್ಚ ಸುಮಾರು 1,458 ಕೋಟಿ. 2016ರ ಜೂನ್ 4ರಂದು ಆಣೆಕಟ್ಟಿನ ಉದ್ಘಾಟನೆ ಆಯಿತು. 42 ಮೆಗಾವಾಟ್ ವಿದ್ಯುತ್ತು, 75 ಸಾವಿರ ಹೆಕ್ಟೇರಿಗೆ ನೀರಾವರಿ ಎಂಬುದು ಅದರ ಗುರಿ.

ಮುನ್ನೂರೈವತ್ತೆರಡು ಇದ್ದದ್ದು ನಾಲ್ಕು ಪಟ್ಟಾದದ್ದು ಹೇಗೆ? "ಬಂದೂಕಿನವರು ತಿಂದರು" ಎಂದುಬಿಟ್ಟರೆ ಲೆಕ್ಕ ಮುಗಿಯುವುದಿಲ್ಲ. ಬೆಲೆಗಳು ಏರಿದವು, ವರ್ಷಗಳು ಉರುಳಿದವು. ಸಾಮಾನುಗಳು ಇಲ್ಲಿಂದ ಸಮುದ್ರದ ಮೇಲೆ ಇರಾನಿನ ಬಂದರ್ ಅಬ್ಬಾಸಿಗೆ ಹೋಗಬೇಕಾಗಿತ್ತು. ಅಲ್ಲಿಂದ ರಸ್ತೆಯ ಮೇಲೆ 1,200 ಕಿಲೋಮೀಟರ ದಾಟಿ ಗಡಿಗೆ ಬರಬೇಕು. ಗಡಿಯಿಂದ ಮತ್ತೆ 300 ಕಿಲೋಮೀಟರ. ಅಂಥ ದಾರಿಯಲ್ಲಿ ಒಂದು ಸೇತುವೆಯ ಹತ್ತಿರ ಗುಂಡಿನ ಸಪ್ಪಳವಾದರೆ ಲಾರಿಗಳು ನಿಲ್ಲುತ್ತವೆ. ಲಾರಿಗಳು ನಿಂತರೆ ಕಾಂಕ್ರೀಟು ನಿಲ್ಲುತ್ತದೆ. ಕಾಂಕ್ರೀಟು ನಿಂತರೂ ಯಂತ್ರದ ಬಾಡಿಗೆ, ಜನರ ಸಂಬಳ ನಿಲ್ಲುವುದಿಲ್ಲ.

ಆದುದರಿಂದ ಕಾವಲಿನ ವೆಚ್ಚವೆಂದರೆ ಬಂದೂಕು ಹಿಡಿದವನ ಪಗಾರವೊಂದೇ ಅಲ್ಲ. ಕಟ್ಟಡದ ಸುತ್ತಣ ಎತ್ತರದ ಗೋಡೆ, ಗುಂಡು ತಡೆಯುವ ಮೋಟಾರು, ಹಿಂದೆ ಮುಂದೆ ಬರುವ ಬೆಂಗಾವಲಿನ ಬಂಡಿ, ದುಬಾರಿ ವಿಮೆ, ಆಪತ್ತಿನ ಭತ್ಯೆ, ಗುತ್ತಿಗೆದಾರ ಹೆದರಿಕೆಗೆಂದು ಮೊದಲೇ ಏರಿಸಿ ಬರೆಯುವ ದರ, ಕೆಲಸವಿಲ್ಲದೆ ಕಾದು ಕುಳಿತ ದಿನಗಳು, ಇವೆಲ್ಲವೂ ಕಾವಲಿನ ಖರ್ಚೇ. ಆದರೆ ಇವುಗಳಲ್ಲಿ ಒಂದಕ್ಕೂ ಆ ಹೆಸರಿರುವುದಿಲ್ಲ. ಒಂದು ಸಾಗಾಣಿಕೆಯ ಬಾಬಿನಲ್ಲಿ ಅಡಗುತ್ತದೆ, ಇನ್ನೊಂದು ಆಡಳಿತದಲ್ಲಿ, ಮತ್ತೊಂದು "ಇತರೆ"ಯಲ್ಲಿ. ನಮ್ಮಲ್ಲಿಯೇ ನೋಡಿರಿ: ಅಫಘಾನಿಸ್ತಾನದ ನೆರವು ವಿದೇಶಾಂಗ ಖಾತೆಯ ಮುಂಗಡಪತ್ರದಲ್ಲಿ ಒಂದು ಸಾಲು, ಅಲ್ಲಿ ಕಾವಲಿಗೆ ಹೋದ ಇಂಡೋ–ಟಿಬೆಟನ್ ಗಡಿ ಪೋಲೀಸ್ ಪಡೆ ಗೃಹಖಾತೆಗೆ ಸೇರಿದ್ದು. ಎರಡನ್ನೂ ಒಂದೇ ಹಾಳೆಯ ಮೇಲಿಟ್ಟು ಸಾಮಾನ್ಯ ನಾಗರಿಕ ಓದುವಂತಿಲ್ಲ. ಹಾಗಿರುವಾಗ ನನ್ನ ಗೆಳೆಯರ "ಅರ್ಧಾ" ಎಂಬ ಮಾತು ಸುಳ್ಳೆಂದು ಹೇಳಲು ನನ್ನಲ್ಲಿ ಕಾಗದವಿಲ್ಲ. ನಿಜವೆಂದು ಹೇಳಲು ಅವರಲ್ಲಿಯೂ ಇಲ್ಲ. ಲೆಕ್ಕವನ್ನು ಮುಚ್ಚಿಟ್ಟಲ್ಲಿ ಗುಮಾನಿ ಹುಟ್ಟದೆ ಇನ್ನೇನು ಹುಟ್ಟೀತು?

ಈಗ ಗೆಳೆಯರ ತಪ್ಪಿಗೆ ಬರುತ್ತೇನೆ. ಕಾವಲಿನ ಖರ್ಚು ದಂಡದ ಖರ್ಚು, ಅದನ್ನು ಕಡಿಮೆ ಮಾಡಿದಷ್ಟೂ ನೆರವು ಶುದ್ಧವಾಯಿತು ಎಂಬುದು ಅವರ ನಂಬಿಕೆ. ದಾನ ಕೊಡುವವರೆಲ್ಲರ ನಂಬಿಕೆಯೂ ಇದೇ. ಒಂದು ರೂಪಾಯಿ ಕೊಟ್ಟರೆ ಒಂದು ರೂಪಾಯಿಯೂ ಬಡವನ ಕೈಗೇ ಹೋಗಬೇಕು; ನಡುವೆ ಕಾವಲುಗಾರ, ಗೋಡೆ, ವಿಮೆ ಎಂದರೆ ಹುಬ್ಬು ಗಂಟಿಕ್ಕುತ್ತೇವೆ. ಇದಕ್ಕೆ ಹೆದರಿದ ಸಂಸ್ಥೆಗಳು ಮೇಲ್ಖರ್ಚು ತೀರ ಕಡಿಮೆ ಎಂದು ಸಾರಿಕೊಳ್ಳುತ್ತವೆ. ನಾವು ಮೆಚ್ಚಿ ತಲೆದೂಗುತ್ತೇವೆ. ಆದರೆ ಅಪಾಯವಿರುವಲ್ಲಿ ಕಾವಲಿನ ಖರ್ಚನ್ನು ಕಡಿದರೆ ಅಪಾಯ ಕಡಿಮೆಯಾಗುತ್ತದೆಯೇ? ಇಲ್ಲ. ಅದು ಹಣದ ಖಾತೆಯಿಂದ ಎದ್ದು ಇನ್ನೊಂದು ಖಾತೆಗೆ ಹೋಗಿ ಕೂಡುತ್ತದೆ. ಆ ಖಾತೆಯನ್ನು ಬರೆಯುವುದು ರಕ್ತದಲ್ಲಿ.

ಜರಂಜದಿಂದ ದೇಲಾರಾಮಿಗೆ ಹೋಗುವ ರಸ್ತೆಯನ್ನೇ ತೆಗೆದುಕೊಳ್ಳಿರಿ. ಇರಾನಿನ ಗಡಿಯಿಂದ ಅಫಘಾನಿಸ್ತಾನದ ಒಳಕ್ಕೆ ಹೋಗುವ ಸುಮಾರು 218 ಕಿಲೋಮೀಟರ ಉದ್ದದ ಈ ರಸ್ತೆಯನ್ನು ನಮ್ಮ ಗಡಿ ರಸ್ತೆ ಸಂಸ್ಥೆಯವರು ಕಟ್ಟಿದರು. 2009ರ ಜನವರಿಯಲ್ಲಿ ಅದನ್ನು ಅಲ್ಲಿಯ ಸರಕಾರಕ್ಕೆ ಒಪ್ಪಿಸಿದರು. ಅದನ್ನು ಕಟ್ಟುವ ಕಾಲದಲ್ಲಿ 6 ಮಂದಿ ಭಾರತೀಯರೂ 129 ಮಂದಿ ಅಫಘಾನರೂ ಪ್ರಾಣ ಕಳೆದುಕೊಂಡರು. ನೂರ ಮೂವತ್ತೈದು ಜೀವ! ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ. ಆ ರಸ್ತೆಯ ಲೆಕ್ಕದಲ್ಲಿ ನಾವು ನವನಗರ, ರಾಯಾಪುರ ದಾಟಿ ಧಾರವಾಡ ಮುಟ್ಟುವಷ್ಟರಲ್ಲಿ ಹನ್ನೆರಡು ಗೋರಿಗಳನ್ನು ದಾಟಬೇಕಾಗುತ್ತಿತ್ತು.

2005ರ ನವೆಂಬರಿನಲ್ಲಿ ಆ ರಸ್ತೆಯ ಕೆಲಸದಲ್ಲಿದ್ದ ಕೇರಳದ ಒಬ್ಬ ಚಾಲಕನನ್ನು ತಾಲಿಬಾನಿಗಳು ಒಯ್ದು ಕೊಂದರು. ಅವನ ಹೆಸರು, ಚಿತ್ರ, ಮನೆಯವರ ಅಳು ನಮ್ಮ ಎಲ್ಲ ಪತ್ರಿಕೆಗಳಲ್ಲಿ ಬಂದವು. ಬರಬೇಕಾದದ್ದೇ. ಅವನ ಸಾವಿನ ಬಳಿಕ ನಮ್ಮವರ ಕಾವಲು ಬಿಗಿಯಾಯಿತು. ಅದೂ ಆಗಬೇಕಾದದ್ದೇ. ಆದರೆ ನೂರ ಇಪ್ಪತ್ತೊಂಬತ್ತರಲ್ಲಿ ಒಬ್ಬನ ಹೆಸರನ್ನು ನಮ್ಮಲ್ಲಿ ಯಾರಾದರೂ ಬಲ್ಲಿರಾ? ನಾನು ಬಲ್ಲವನಲ್ಲ. ಆರಕ್ಕೆ ಹೆಸರಿದೆ, ನೂರ ಇಪ್ಪತ್ತೊಂಬತ್ತಕ್ಕೆ ಸಂಖ್ಯೆ ಮಾತ್ರ ಇದೆ.

ಇಲ್ಲಿಯೇ ನನಗೆ ನಮ್ಮ ಜನಪದರ "ಕೆರೆಗೆ ಹಾರ" ನೆನಪಾಗುವುದು. ಶಾಲೆಯಲ್ಲಿ ಓದಿದ ಕನ್ನಡಿಗರಾರೂ ಅದನ್ನು ಮರೆತಿರಲಾರರು. ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಬಲಿ ಕೊಡಬೇಕೆಂದು ಹೊತ್ತಿಗೆ ನೋಡಿದವರು ಹೇಳಿದರು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರು ಯಾರು? ಹಾಗಾದರೆ ಕಿರಿಯ ಸೊಸೆ ಭಾಗೀರಥಿ ಇದ್ದಾಳಲ್ಲ! ಕ್ಲಾಸಿನಲ್ಲಿ ಈ ಹಾಡನ್ನು ಪಾಠ ಮಾಡುವಾಗಲೆಲ್ಲ ನಾನು ಹುಡುಗರಿಗೆ ಒಂದೇ ಪ್ರಶ್ನೆ ಹಾಕುತ್ತೇನೆ: ಕೆರೆ ಕಟ್ಟಿಸಿದ ಪುಣ್ಯ ಯಾರ ಖಾತೆಗೆ ಹೋಯಿತು, ಕೆರೆಯ ವೆಚ್ಚ ಯಾರ ಖಾತೆಗೆ ಬಿದ್ದಿತು? ಗೌಡನ ಹೆಸರು ಕೆರೆಗೆ, ಭಾಗೀರಥಿ ಕೆರೆಯೊಳಕ್ಕೆ. ಮನೆಯಲ್ಲಿ ಯಾರ ಮಾತಿಗೆ ಬೆಲೆ ಕಡಿಮೆಯೋ ಅವರೇ ಬಲಿಗೆ ಅಗ್ಗ.

ನೆರವಿನ ಲೋಕದಲ್ಲಿ ಕಿರಿಯ ಸೊಸೆ ಯಾರು ಎಂದು ನೋಡಿದರೆ ಉತ್ತರ ಕಣ್ಣೆದುರಿಗೇ ಇದೆ. ವಿಶ್ವಸಂಸ್ಥೆ ಕೊಟ್ಟ ಲೆಕ್ಕದಂತೆ 2024ರಲ್ಲಿ ಲೋಕದಲ್ಲೆಲ್ಲ ನೆರವಿನ ಕೆಲಸದಲ್ಲಿದ್ದ 383 ಮಂದಿ ಕೊಲೆಯಾದರು. ಅವರಲ್ಲಿ ಬಹುಪಾಲು ಆಯಾ ದೇಶದವರೇ. ಹೊರಗಿನಿಂದ ಬಂದ ತಜ್ಞನಿಗೆ ಗೋಡೆಯೊಳಗಿನ ಮನೆ, ಗುಂಡು ತಡೆಯುವ ಮೋಟಾರು, ಗದ್ದಲವಾದರೆ ವಿಮಾನ. ಅಲ್ಲಿಯ ಗುಮಾಸ್ತ, ಚಾಲಕ, ಸೂಲಗಿತ್ತಿ, ಕೂಲಿಕಾರನಿಗೆ "ನೀನು ಇಲ್ಲಿಯವನೇ ಅಲ್ಲವೇ, ನಿನಗೇನು ಹೆದರಿಕೆ" ಎಂಬ ಉಪಚಾರ. ಅಪಾಯ ಹೆಚ್ಚಾದಂತೆಲ್ಲ ತಜ್ಞ ದೂರದ ಊರಿಗೆ ಸರಿದು ಅಲ್ಲಿಂದಲೇ ಕೆಲಸ ನಡೆಸುತ್ತಾನೆ. ಕೆಲಸ ಮಾತ್ರ ಇಲ್ಲಿಯವನ ಹೆಗಲ ಮೇಲೆ.

ನಮ್ಮ ತಾಲೂಕಿನ ಹುಡುಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಕೆಲಕಾಲ ಹೊರದೇಶದ ಗುತ್ತಿಗೆದಾರನೊಬ್ಬನ ಲಾರಿ ನಡೆಸಲು ಆ ದೇಶಕ್ಕೆ ಹೋಗಿದ್ದ. ತಿರುಗಿ ಬಂದ ಮೇಲೆ ಒಂದು ಸಂಜೆ ಮನೆಗೆ ಬಂದು ಚಹ ಕುಡಿಯುತ್ತ ಹೇಳಿದ: "ಸರ್, ದಿನಾ ಮುಂಜಾನೆ ನಮ್ಮ ಲಾರಿ ಮುಂದ ಒಬ್ಬಾವ ನಡಕೋತ ಹೋಗತಿದ್ದಾ. ನೆಲಾ ನೋಡಕೋತ. ಹೊಸಾ ಮಣ್ಣು ಕಂಡ್ರ ಕೈ ಎತ್ತತಿದ್ದಾ, ನಾವು ನಿಂದರತಿದ್ವಿ. ಆವ ಅಲ್ಲಿಯಾಂವ. ನನ್ನ ಪಗಾರದಾಗ ಆಪತ್ತಿನ ರೊಕ್ಕಾ ಅಂತ ಇತ್ತು. ಅವಂಗ ಇರಲಿಲ್ಲ." ಇಷ್ಟು ಹೇಳಿ ಬಟ್ಟಲನ್ನು ಕೆಳಗಿಟ್ಟ. ಆ ಮನುಷ್ಯನ ಹೆಸರೇನೆಂದು ಕೇಳಿದೆ. "ಕೇಳಲೇ ಇಲ್ಲ ಸರ್" ಎಂದ.

ನನ್ನ ಗೆಳೆಯರಂತಹ ಮಿತವ್ಯಯಿಗಳು ಇದಕ್ಕೆ ಉತ್ತರ ಹೇಳಬೇಕು. ಕಾವಲಿನ ಬಾಬನ್ನು ಕಡಿಯಿರಿ ಎಂದು ನೀವು ಪತ್ರಿಕೆಗೆ ಬರೆದಾಗ ಕಡಿತ ಬೀಳುವುದು ದಿಲ್ಲಿಯ ಅಧಿಕಾರಿಯ ಬೆಂಗಾವಲಿಗಲ್ಲ. ಲಾರಿಯ ಮುಂದೆ ನಡೆಯುವವನ ಮೇಲೆ.

ಹಾಗಾದರೆ ಹೆಚ್ಚು ಬಂದೂಕು ಕೊಳ್ಳೋಣ ಎನ್ನುವವರು ಇನ್ನೊಂದು ಪಕ್ಷ. ಇವರು ಉದಾರಿಗಳು. ಕೆಲಸ ಮುಗಿಯಬೇಕು, ಕಾವಲಿಗೆ ಎಷ್ಟಾದರೂ ಆಗಲಿ ಎನ್ನುವವರು. ಇವರ ಹಾದಿ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಅಮೇರಿಕದವರು ಹಾಕಿಕೊಟ್ಟ ಮೇಲ್ಪಂಕ್ತಿ ಇದೆ. ಅಫಘಾನಿಸ್ತಾನದ ಗರ್ದೇಜದಿಂದ ಖೋಸ್ತಕ್ಕೆ ನೂರು ಕಿಲೋಮೀಟರ ಚಿಲ್ಲರೆ ರಸ್ತೆಯನ್ನು ಅವರು ಮಾಡಹೊರಟರು. 2011ರಲ್ಲಿ ಅಮೇರಿಕದ ಪತ್ರಿಕೆಯೊಂದು ಹೊರಗೆ ಹಾಕಿದ ಲೆಕ್ಕದಂತೆ ಅಷ್ಟರಲ್ಲಿ ಸುಮಾರು 12 ಕೋಟಿ ಡಾಲರು ಖರ್ಚಾಗಿತ್ತು. ಕಾವಲಿನ ಕಂಪನಿಯೊಂದಕ್ಕೇ 4 ಕೋಟಿ 35 ಲಕ್ಷ ಡಾಲರು ಹೋಗಿತ್ತು. ರೂಪಾಯಿಗೆ ಆರಾಣೆಯ ಹತ್ತಿರ ಹತ್ತಿರ! ಅದಕ್ಕಿಂತ ವಿಪರೀತವಾದದ್ದೆಂದರೆ, ದಾಳಿ ಮಾಡಿಸುವವರ ಜೊತೆಗೆ ಸಂಬಂಧವುಳ್ಳವನೆಂದು ಶಂಕೆಯಿದ್ದ ಸ್ಥಳೀಯ ಬಲಶಾಲಿಯೊಬ್ಬನಿಗೇ ಕಾವಲಿನ ಹೆಸರಿನಲ್ಲಿ ವರ್ಷಕ್ಕೆ 10 ಲಕ್ಷ ಡಾಲರು ಸಲ್ಲುತ್ತಿತ್ತೆಂದು ಆ ಪತ್ರಿಕೆ ಬರೆಯಿತು.

ಇದು ಒಂದು ರಸ್ತೆಯ ಕತೆಯೆಂದು ತಳ್ಳಿಹಾಕುವಂತಿಲ್ಲ. ಅಮೇರಿಕದ ಸೈನ್ಯಕ್ಕೆ ಸಾಮಾನು ಸಾಗಿಸುವ 216 ಕೋಟಿ ಡಾಲರಿನ ಲಾರಿ ಗುತ್ತಿಗೆಯನ್ನು ಅಲ್ಲಿಯ ಪ್ರತಿನಿಧಿಸಭೆಯ ಉಪಸಮಿತಿಯೇ ಪರೀಕ್ಷಿಸಿ 2010ರಲ್ಲಿ ವರದಿ ಕೊಟ್ಟಿತು. ದಾರಿ ಕಾಯುವ ನೆವದಲ್ಲಿ ಹಣ ದಂಡನಾಯಕರ ಕೈಸೇರುತ್ತಿದೆ, ಅವರ ಮೂಲಕ ತಾಲಿಬಾನಿಗಳಿಗೂ ಮುಟ್ಟುತ್ತಿರಬಹುದು ಎಂಬುದು ಅದರ ಸಾರಾಂಶ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾವು ಹೇಳುತ್ತೇವೆ. ಇಲ್ಲಿ ಹೊಲ ಮೇಯುವುದಕ್ಕಾಗಿಯೇ ಬೇಲಿ ಹುಟ್ಟಿಕೊಂಡಿತು. ದಾರಿ ನಿರ್ಭಯವಾದರೆ ಕಾವಲುಗಾರನಿಗೆ ಕೆಲಸವಿಲ್ಲ. ಆದುದರಿಂದ ಭಯ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಅವನ ಕಸುಬಾಗುತ್ತದೆ.

ಕಜಾಕಿಯ ಆಣೆಕಟ್ಟಿನ ಸಂಗತಿಯಂತೂ ನಗಬೇಕೋ ಅಳಬೇಕೋ ತಿಳಿಯದಂಥದು. 2008ರಲ್ಲಿ ಸಾವಿರಾರು ಸೈನಿಕರ ಬೆಂಗಾವಲಿನಲ್ಲಿ, ನೂರು ವಾಹನಗಳ ಸಾಲಿನಲ್ಲಿ, ದಾರಿಯುದ್ದಕ್ಕೂ ಕಾಳಗ ಮಾಡುತ್ತ ಒಂದು ವಿದ್ಯುತ್ ಟರ್ಬೈನನ್ನು ಅಲ್ಲಿಗೆ ಒಯ್ದರು. ದೊಡ್ಡ ಪರಾಕ್ರಮವೆಂದು ಲೋಕವೆಲ್ಲ ಹೊಗಳಿತು. ಆದರೆ ಅದನ್ನು ಕೂಡಿಸಲು ಬೇಕಾದ ಸಿಮೆಂಟಿಗೆ ಅಂಥ ಬೆಂಗಾವಲು ಸಿಗಲಿಲ್ಲ. ಎಂಟು ವರ್ಷ ಆ ಯಂತ್ರ ಬಿಚ್ಚಿದ ಸಾಮಾನಾಗಿ ಬಿದ್ದಿತ್ತು. ಅದು ತಿರುಗಿದ್ದು 2016ರಲ್ಲಿ.

ಒಟ್ಟಿನಲ್ಲಿ 2021ರವರೆಗೆ ಅಫಘಾನಿಸ್ತಾನದ ಪುನರ್ರಚನೆಗೆಂದು ಅಮೇರಿಕ ಸುರಿದದ್ದು ಸುಮಾರು 14,500 ಕೋಟಿ ಡಾಲರು ಎಂದು ಅವರದೇ ವಿಶೇಷ ತಪಾಸಣಾಧಿಕಾರಿಯ ಕಛೇರಿ ಹೇಳಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಅಲ್ಲಿಯ ಸೈನ್ಯ ಪೋಲೀಸರನ್ನು ಕಟ್ಟುವುದಕ್ಕೆ. ಆ ಸೈನ್ಯ 2021ರ ಆಗಸ್ಟಿನಲ್ಲಿ ಕೆಲವು ದಿನಗಳಲ್ಲಿ ಕರಗಿಹೋಯಿತು. ಆಗ ಕಾಬೂಲಿನಿಂದ ಜೀವ ಹಿಡಿದು ಬಂದವರಲ್ಲಿ ನಮ್ಮ ದಕ್ಷಿಣ ಕನ್ನಡದವರೂ ಇದ್ದರು. ಅವರು ಮಂಗಳೂರು ಮುಟ್ಟಿದಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಅವರ ಜೊತೆಗೆ ದುಡಿದ ಅಫಘಾನರಿಗೆ ಹೋಗಲು ಮಂಗಳೂರಿರಲಿಲ್ಲ.

ಇಷ್ಟು ಓದಿದ ವಾಚಕರು "ಅದೆಲ್ಲ ಹುಚ್ಚರ ದೇಶದ ಸಂಗತಿ, ನಮಗೇನು" ಎನ್ನಬಹುದು. ಹಾಗೆನ್ನುವ ಮೊದಲು ನಮ್ಮ ಜಿಲ್ಲೆಯನ್ನೇ ನೋಡಿರಿ. ದುಮ್ಮವಾಡದ ಕೆರೆಗೆ ಪೋಲೀಸ್ ಕಾವಲು ಬೇಕಾಗಲಿಲ್ಲ. ಆದರೆ ಇದೇ ಜಿಲ್ಲೆಯ ನವಲಗುಂದಕ್ಕೆ ಬೇಕಾಯಿತು. ಮಲಪ್ರಭೆಯ ಕಾಲುವೆ ಬಂದಿತು; ನೀರು ಎಷ್ಟೋ ಹೊಲಗಳನ್ನು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ಕಾಗದ ರೈತರ ಮನೆಯನ್ನು ಮುಟ್ಟಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಎದ್ದರು, ಗೋಲೀಬಾರಾಯಿತು, ರೈತರು ಸತ್ತರು, ಪೋಲೀಸರೂ ಸತ್ತರು. ಇಂದಿಗೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ಅಲ್ಲಿ ಆಚರಿಸುತ್ತಾರೆ. ಅಲ್ಲಿ ತಾಲಿಬಾನಿಗಳಿರಲಿಲ್ಲ, ಪರದೇಶದ ಸೈನ್ಯವಿರಲಿಲ್ಲ. ಇದ್ದದ್ದು ಜನರನ್ನು ಕೇಳದೆ ಬರೆದ ಒಂದು ಲೆಕ್ಕ.

ನವಲಗುಂದವನ್ನು ಹೇರಾತಕ್ಕೆ ಹೋಲಿಸುವುದು ಅತಿಯಾಯಿತೆಂದು ನನಗೂ ಗೊತ್ತು. ಯುದ್ಧ ಬೇರೆ, ರೈತರ ಸಿಟ್ಟು ಬೇರೆ. ಆದರೆ ಪಾಠ ಒಂದೇ: ಒಂದು ಕೆಲಸಕ್ಕೆ ದಿನದಿನಕ್ಕೆ ಹೆಚ್ಚು ಕಾವಲು ಬೇಕಾಗುತ್ತಿದೆ ಎಂದರೆ ಅದು ಬರಿಯ ವೆಚ್ಚದ ಸುದ್ದಿಯಲ್ಲ, ಈ ಕೆಲಸವನ್ನು ಸುತ್ತಲಿನವರು ತಮ್ಮದೆಂದು ತಿಳಿದಿಲ್ಲ, ಅಥವಾ ತಮ್ಮದೆಂದು ಹೇಳುವ ಧೈರ್ಯ ಅವರಿಗೆ ಉಳಿದಿಲ್ಲ ಎಂಬ ಸುದ್ದಿ. ಜ್ವರ ನೋಡುವ ಕಡ್ಡಿಯನ್ನು ಮುರಿದರೆ ಜ್ವರ ಹೋಗುವುದಿಲ್ಲ. ಕಾವಲಿನ ಬಾಬನ್ನು ಮುಚ್ಚಿಡುವವರು ಮಾಡುತ್ತಿರುವುದು ಅದನ್ನೇ.

ಜನರ ವಿಶ್ವಾಸವಿದ್ದರೆ ಕಾವಲೇ ಬೇಡ ಎಂದು ಹೇಳುವ ಸಾಧು ಜನರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿಯಾಗಿಲ್ಲ. 1999ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ "ಗಡಿಯಿಲ್ಲದ ವೈದ್ಯರು" ಸಂಸ್ಥೆ ಸಾಮಾನ್ಯವಾಗಿ ಬಂದೂಕಿನ ಕಾವಲನ್ನು ಇಟ್ಟುಕೊಳ್ಳುವುದಿಲ್ಲ; ಆಸ್ಪತ್ರೆಯೊಳಗೆ ಯಾರ ಆಯುಧವೂ ಬರಬಾರದು ಎಂಬುದು ಅದರ ನಿಯಮ. 2004ರಲ್ಲಿ ಅಫಘಾನಿಸ್ತಾನದಲ್ಲಿ ತನ್ನ ಐವರು ಕೊಲೆಯಾದಾಗ ಆ ಸಂಸ್ಥೆ ಕಾವಲು ಹೆಚ್ಚಿಸಲಿಲ್ಲ, ಆ ದೇಶವನ್ನೇ ಬಿಟ್ಟು ಹೊರಟಿತು, ಮರಳಿದ್ದು 2009ರಲ್ಲಿ. 2015ರ ಅಕ್ಟೋಬರ್ 3ರಂದು ಕುಂದೂಜಿನ ಅದರ ಆಸ್ಪತ್ರೆಯ ಮೇಲೆ ಅಮೇರಿಕದ ವಿಮಾನ ಗುಂಡಿನ ಮಳೆಗರೆದು 42 ಮಂದಿ ಸತ್ತರು. ವಿಶ್ವಾಸಕ್ಕೂ ಬೆಲೆಯಿದೆ, ಅದೂ ಪುಕ್ಕಟೆಯಲ್ಲ. ಆದರೆ ಆ ವೈದ್ಯರಲ್ಲಿ ಒಂದು ಪ್ರಾಮಾಣಿಕತೆಯನ್ನು ನಾನು ಕಾಣುತ್ತೇನೆ. ಇದಕ್ಕಿಂತ ಹೆಚ್ಚು ಬೆಲೆಯನ್ನು ನಮ್ಮವರ ಜೀವದಲ್ಲಿ ತೆರಲಾರೆವು ಎಂದು ಒಂದು ಗೆರೆ ಎಳೆದು, ಅಲ್ಲಿಗೆ ಮುಟ್ಟಿದಾಗ ಹೊರಟುಹೋದರು. ಸರಕಾರಗಳು ಗೆರೆಯನ್ನೇ ಎಳೆಯುವುದಿಲ್ಲ.

ಹಳೆಯ ಕಾಲದ ನಮ್ಮ ಹಳ್ಳಿಗಳಲ್ಲಿ ತಳವಾರನೆಂಬವನಿದ್ದ. ಊರು ಕಾಯುವುದು ಅವನ ಕೆಲಸ; ಅದಕ್ಕೆ ಅವನಿಗೆ ಇನಾಮು ಭೂಮಿ. 1961ರ ಕಾಯ್ದೆಯಿಂದ ಅಂಥ ಹುದ್ದೆಗಳೆಲ್ಲ ರದ್ದಾದವು. ಆಗಬೇಕಾದದ್ದೇ, ಏಕೆಂದರೆ ಹುಟ್ಟಿನಿಂದ ಕಟ್ಟಿಹಾಕುವ ಚಾಕರಿ ಅದು. ಆದರೆ ಆ ಏರ್ಪಾಟಿನಲ್ಲಿ ಒಂದು ಮಾತು ಮೆಚ್ಚುವಂಥದು. ಕಾವಲಿಗೆ ಎಷ್ಟು ಹೋಗುತ್ತದೆಂಬುದು ಊರಿಗೆ ಊರೇ ಬಲ್ಲ ಸಂಗತಿಯಾಗಿತ್ತು. ತಳವಾರನ ಹೊಲ ಇಂಥದು, ಇಷ್ಟು ಎಕರೆ ಎಂದು ದನ ಕಾಯುವ ಹುಡುಗನೂ ಬೆರಳು ಮಾಡಿ ತೋರಿಸುತ್ತಿದ್ದ. ನಾವು ಇಂದು ಕೇಳಬೇಕಾದದ್ದು ಇಷ್ಟೇ: ಪರದೇಶಕ್ಕೆ ನಾವು ಕೊಡುವ ನೆರವಿನಲ್ಲಿ ತಳವಾರನ ಹೊಲವನ್ನು ತೋರಿಸಿರಿ.

2003ರಲ್ಲಿ ಭಾರತ ಸರಕಾರ ಸಣ್ಣ ದಾನಿ ದೇಶಗಳ ನೆರವು ಇನ್ನು ಬೇಡವೆಂದಿತು. ನಾವು ಬೇಡುವವರಲ್ಲ, ಕೊಡುವವರು ಎಂದು ಎದೆಯುಬ್ಬಿಸಿತು. ಸಂತೋಷ. ಕೊಡುವವನಿಗೆ ಲೆಕ್ಕ ಒಪ್ಪಿಸುವ ಜವಾಬ್ದಾರಿಯೂ ಉಂಟು. ಕಾಬೂಲಿನಲ್ಲಿ ಕಛೇರಿ ಮತ್ತೆ ತೆರೆದು ಕೆಲಸಗಳು ಮತ್ತೆ ಆರಂಭವಾಗುವ ಈ ಹೊತ್ತಿನಲ್ಲಿಯೇ ಅದನ್ನು ಕೇಳಬೇಕು. ಗಲಭೆಯ ನಾಡಿನಲ್ಲಿ ನಾವು ಮಾಡುವ ಪ್ರತಿಯೊಂದು ಕೆಲಸದ ಅಂದಾಜುಪಟ್ಟಿಯಲ್ಲಿ ಕಾವಲಿನ ಒಟ್ಟು ವೆಚ್ಚಕ್ಕೆ ಒಂದು ಪ್ರತ್ಯೇಕ ಸಾಲು ಇರಲಿ; ತಡವಾದ ದಿನಗಳ ನಷ್ಟವೂ ಅದರಲ್ಲಿ ಸೇರಲಿ. ಆ ಸಾಲು ಕೆಲಸದ ವೆಚ್ಚದ ಇಷ್ಟು ಪಾಲನ್ನು ಮೀರಿದರೆ ಕೆಲಸ ನಿಲ್ಲಿಸಿ, ಬೇರೆ ರೂಪದಲ್ಲಿ ಕೊಡುತ್ತೇವೆ ಎಂಬ ಗೆರೆ ಮೊದಲೇ ನಿಶ್ಚಯವಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಚಾಲಕನಿಗೆ ಕೊಡುವ ರಕ್ಷಣೆ, ವಿಮೆ, ಪರಿಹಾರ ಅವನ ಲಾರಿಯ ಮುಂದೆ ನಡೆಯುವ ಅಲ್ಲಿಯ ಮನುಷ್ಯನಿಗೂ ಇರಲಿ. ಇದರಿಂದ ನೆರವು ದುಬಾರಿಯಾಗುತ್ತದೆಯೇ? ಆಗಲಿ. ಅದು ಮೊದಲಿನಿಂದಲೂ ಅಷ್ಟೇ ದುಬಾರಿ. ಉಳಿದದ್ದನ್ನು ಇಷ್ಟು ದಿನ ಬೇರೆಯವರಿಂದ ವಸೂಲು ಮಾಡುತ್ತಿದ್ದೆವು.

ಕಾವಲಿನ ಲೆಕ್ಕ ಹೊರಗೆ ಹಾಕಿದರೆ ವೈರಿಗೆ ಅನುಕೂಲವಾಗುತ್ತದೆ ಎಂಬ ಆಕ್ಷೇಪ ಬರುವುದು ನಿಶ್ಚಯ. ಯಾವ ಬಾಗಿಲಲ್ಲಿ ಎಷ್ಟು ಬಂದೂಕು ಎಂಬುದು ಗುಟ್ಟಾಗಿರಲಿ. ಅದನ್ನು ಯಾರೂ ಕೇಳಿಲ್ಲ. ವರ್ಷಕ್ಕೆ ಒಟ್ಟು ಎಷ್ಟು ರೂಪಾಯಿ ಎಂಬುದರಲ್ಲಿ ಯಾವ ಗುಟ್ಟು? ವೈರಿಗೆ ಅದು ಗೊತ್ತಿದ್ದರೆ ಗೋಡೆ ತೆಳ್ಳಗಾಗುವುದಿಲ್ಲ. ನಮಗೆ ಗೊತ್ತಾದರೆ ಮಾತ್ರ ಕೆಲವರ ಬಾಯಿ ಒಣಗುತ್ತದೆ.

ಇದನ್ನೆಲ್ಲ ಅಂದು ಒಡ್ಡಿನ ಮೇಲೆ ಗೆಳೆಯರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿದರು, ಕೊನೆಗೆ, "ಅಂದ್ರ, ಕೊಡೂದು ಬ್ಯಾಡಂತೀರೋ, ಕೊಡಬೇಕಂತೀರೋ?" ಎಂದರು. ಕೊಡಬೇಕೆಂದೇ ನನ್ನ ಮಾತು. ಸಲ್ಮಾದ ಆಣೆಕಟ್ಟು ಕೆಲಸಕ್ಕೆ ಬಾರದ್ದೆಂದು ನಾನು ಹೇಳುವುದಿಲ್ಲ. ಸರಕಾರ ಬದಲಾದರೂ ಹೊಲಕ್ಕೆ ಹಾಯುವ ನೀರು ಪಕ್ಷ ಕಟ್ಟುವುದಿಲ್ಲ. ಆದರೆ ಉದ್ಘಾಟನೆಯಾದ ಮರುವರ್ಷ, 2017ರ ಜೂನಿನಲ್ಲಿ, ಆ ಆಣೆಕಟ್ಟಿನ ಹತ್ತಿರದ ಠಾಣೆಯ ಮೇಲೆ ದಾಳಿಯಾಗಿ ಹತ್ತು ಮಂದಿ ಅಫಘಾನ ಪೋಲೀಸರು ಸತ್ತರು. ಉದ್ಘಾಟನೆಯ ದಿನ ಮುಗಿದದ್ದು ನಮ್ಮ ಲೆಕ್ಕ, ಅವರದಲ್ಲ. ಆ ಹತ್ತು ಮಂದಿಯನ್ನು ಯಾವ ಬಾಬಿನಲ್ಲಿ ಬರೆಯೋಣ ಎಂದು ಗೆಳೆಯರನ್ನು ಕೇಳಿದೆ.

ಮೂವತ್ತು ವರ್ಷ ಲೆಕ್ಕ ತಿದ್ದಿದ ಮನುಷ್ಯ. ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತರು. "ಬರೀಲಿಕ್ಕೆ ಒಂದು ಸಾಲಾದ್ರೂ ಬೇಕ್ರಿ" ಎಂದರು.